ಹದಿನೇಳನೇ ಲಾಗ್‌ಬುಕ್ಕು ಎಲ್ಲಿ ಎಂದು ಕೇಳಿದ ಸಾಹೇಬರಿಗೆ

ದೇವದುರ್ಗ,
ಆಗಸ್ಟ್ 1984

ಇಲಾಖೆಯ ಸಮಸ್ತ ವಾಹನಗಳ ಲಾಗ್‌ಬುಕ್ಕುಗಳನ್ನು ಪರಿಶೀಲಿಸುವ ಹೊಣೆ ಹೊತ್ತು, ರಾಯಚೂರಿನ ಬಿಸಿಲಿನಲ್ಲೂ ಕೋಟಿನ ಗುಂಡಿ ಬಿಚ್ಚದೆ ಕುಳಿತಿರುವ ಪರಿಶೀಲನಾಧಿಕಾರಿಗಳ ಸನ್ನಿಧಿಗೆ.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರಿ, ತಮ್ಮ ಮೇಜಿನ ಗಾಜು ಒಡೆದಿಲ್ಲ, ತಮ್ಮ ಪೆನ್ನಿನ ಹಸಿರು ಶಾಯಿ ಒಣಗಿಲ್ಲ, ತಮ್ಮ ತಲೆಯ ಮೇಲಿನ ಫ್ಯಾನು ಕರೆಂಟು ಇದ್ದಾಗಲೆಲ್ಲ ತಿರುಗುತ್ತಿದೆ ಎಂದು ನಂಬಿ, ನಿಂತಲ್ಲಿಂದಲೇ ಕೈಮುಗಿದು ಈ ಪತ್ರವನ್ನು ಆರಂಭಿಸುತ್ತೇನೆ. ತಮಗೆ ನಾನು ಈ ಹಿಂದೆ ಬರೆದ ಹನ್ನೊಂದು ಪತ್ರಗಳಿಗೆ ಒಂದೊಂದಕ್ಕೂ ತಮ್ಮ ಕಚೇರಿ ಒಂದೊಂದು ನಂಬರು ಕೊಟ್ಟು ಗೌರವಿಸಿದೆಯೇ ಹೊರತು ಉತ್ತರ ಕೊಟ್ಟು ಅವಮಾನಿಸಿಲ್ಲವಾದ್ದರಿಂದ, ಹನ್ನೆರಡನೆಯದನ್ನು ನಮ್ಮ ಊರಿನ ವಾರಪತ್ರಿಕೆಯವರ ಕೈಗೆ ಕೊಟ್ಟಿದ್ದೇನೆ. ತಾವು ಓದದಿದ್ದರೂ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಾಲ್ಕು ಜನ ಓದಿಯಾರು ಎಂಬ ಆಸೆ.

ಜುಲೈ ಹತ್ತರಂದು ತಾವು ದಯಪಾಲಿಸಿದ ನೋಟೀಸು ನನ್ನ ಕೈ ಸೇರಿದೆ. ದೇವದುರ್ಗದ ದನದ ಡಾಕ್ಟರ ಜೀಪಿಗೆ ಸೇರಿದ ಮುನ್ನೂರಾ ಹನ್ನೊಂದು ಲಾಗ್‌ಬುಕ್ಕುಗಳ ಪೈಕಿ ಹದಿನೇಳನೆಯದು, ಅಂದರೆ 1976ರ ಏಪ್ರಿಲ್ ಒಂಬತ್ತರಿಂದ ಇಪ್ಪತ್ನಾಲ್ಕರವರೆಗಿನ ಸಂಗತಿಗಳಿರುವ ಪುಸ್ತಕ, ಕಾಣೆಯಾಗಿದೆಯೆಂದೂ, ಅದು ಎಲ್ಲಿ ಹೋಯಿತೆಂದು ತಿಳಿಸದಿದ್ದಲ್ಲಿ ಡ್ರೈವರ್ ಗಡಿಗೆಪ್ಪನಾದ ನನ್ನನ್ನು ಕೆಲಸದಿಂದ ಏಕೆ ತೆಗೆಯಬಾರದೆಂದೂ ತಾವು ಬಲು ಚೊಕ್ಕಟವಾದ ಭಾಷೆಯಲ್ಲಿ ಕೇಳಿದ್ದೀರಿ. ಅದು ಎಲ್ಲಿ ಹೋಯಿತೆಂದು ನನಗೆ ಗೊತ್ತಿದೆ. ಹೇಳುತ್ತೇನೆ. ಆದರೆ ಒಂದು ಪುಸ್ತಕ ಎಲ್ಲಿ ಹೋಯಿತೆಂದು ಹೇಳಬೇಕಾದರೆ ಉಳಿದ ಮುನ್ನೂರಾ ಹತ್ತು ಎಲ್ಲಿಂದ ಬಂದವೆಂದು ಮೊದಲು ಹೇಳಬೇಕಾಗುತ್ತದೆ.

ಪತ್ರಿಕೆ ಓದುವ ಉಳಿದವರಿಗಾಗಿ ಒಂದು ಮಾತು. ಲಾಗ್‌ಬುಕ್ಕು ಎಂದರೆ ಸರ್ಕಾರಿ ಜೀಪು ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಯಿತು, ಎಷ್ಟು ಕಿಲೋಮೀಟರ್ ಓಡಿತು ಎಂದು ಡ್ರೈವರ್ ಬರೆದು, ಹಿಂದೆ ಕೂತವರ ಸಹಿ ಹಾಕಿಸುವ ಪುಸ್ತಕ. ದಿನಕ್ಕೆ ಮೂರು ಸಾಲು ಸಾಕು. 1975ರವರೆಗೆ ನಾನೂ ಮೂರೇ ಸಾಲು ಬರೆಯುತ್ತಿದ್ದೆ. ಒಂದು ಪುಸ್ತಕ ಎರಡು ವರ್ಷ ಬರುತ್ತಿತ್ತು. ಆ ವರ್ಷ ಒಂದು ದಿನ ರಾಯಚೂರಿಗೆ ಹೋಗುವಾಗ ಗಬ್ಬೂರಿನ ಹತ್ತಿರ ಒಬ್ಬಾಕೆ ಕೈ ಅಡ್ಡ ಹಿಡಿದಳು. ಆಕೆಯ ಆಡು ಮರಿ ಹಾಕಲಾರದೆ ಒದ್ದಾಡುತ್ತಿತ್ತು. ದಾರಿ ಬಿಟ್ಟು ಒಂದು ಕಿಲೋಮೀಟರ್ ಒಳಗೆ ಆಕೆಯ ಹೊಲಕ್ಕೆ ಹೋದೆವು, ಡಾಕ್ಟರು ಇಳಿದರು, ಮರಿ ಎಳೆದರು, ಕೈ ತೊಳೆದರು, ಹೊರಟೆವು. ಲಾಗ್‌ಬುಕ್ಕಿನಲ್ಲಿ ನಾನು ಬರೆದ ಲೆಕ್ಕಕ್ಕೂ ಜೀಪಿನ ಮೀಟರಿಗೂ ಎರಡು ಕಿಲೋಮೀಟರ್ ವ್ಯತ್ಯಾಸ ಬಂತು. ಇಲಾಖೆಯಲ್ಲಿ ಆಗತಾನೆ ಈ ಕುರ್ಚಿಗೆ ಬಂದಿದ್ದ ತಾವು ಆ ಎರಡು ಕಿಲೋಮೀಟರನ್ನು ಹಿಡಿದಿರಿ. ಬೇರೆ ಯಾರಾದರೂ ಆಗಿದ್ದರೆ ನನ್ನನ್ನು ಕರೆದು ಬೈದು ಕಳಿಸುತ್ತಿದ್ದರು. ತಾವು ಹಾಗೆ ಮಾಡದೆ ಒಂದು ಸುತ್ತೋಲೆ ಹೊರಡಿಸಿದಿರಿ.

ಆ ಸುತ್ತೋಲೆಯ ಪ್ರಕಾರ ಜೀಪು ಚಾಲೂ ಆದದ್ದು, ನಿಂತದ್ದು, ಹಿಂದಕ್ಕೆ ಸರಿದದ್ದು, ಮತ್ತು ಇವುಗಳಿಗೆ ಕಾರಣ, ಇವೆಲ್ಲವನ್ನೂ ಆದ ಜಾಗದಲ್ಲೇ ಆದ ಕೂಡಲೇ ಬರೆಯಬೇಕು. ಯಾವ ಕ್ಷಣದಲ್ಲಿ ಯಾವ ಅಧಿಕಾರಿ ರಸ್ತೆಯಲ್ಲಿ ಜೀಪು ನಿಲ್ಲಿಸಿ ಹಳೆಯದನ್ನು ಕೇಳುತ್ತಾರೋ ತಿಳಿಯದಾದ್ದರಿಂದ ತುಂಬಿದ ಲಾಗ್‌ಬುಕ್ಕುಗಳೂ ಸದಾ ಜೀಪಿನೊಳಗೇ ಇರಬೇಕು. ತಾವು ಖುದ್ದಾಗಿ ಪರಿಶೀಲಿಸಿ ಸಹಿ ಮಾಡುವವರೆಗೆ ಒಂದು ಹಾಳೆಯೂ ವಾಹನದಿಂದ ಬೇರೆಯಾಗಬಾರದು. ಹಾಗೆ ನೋಡಿದರೆ ಇದರಲ್ಲಿ ತಪ್ಪು ಹುಡುಕಲು ಸಾಧ್ಯವೇ ಇಲ್ಲ. ಆದರೆ ಒಂಬತ್ತು ವರ್ಷಗಳಲ್ಲಿ ತಾವು ಒಂದು ಸಲವೂ ಪರಿಶೀಲನೆಗೆ ಬರಲಿಲ್ಲ. ಅದರಲ್ಲೂ ತಮ್ಮ ತಪ್ಪಿಲ್ಲ; ತಮ್ಮನ್ನು ಕರೆತರಲು ಜೀಪು ಬೇಕು, ಜೀಪಿನಲ್ಲಿ ತಮಗೆ ಕೂರಲು ಜಾಗ ಉಳಿದಿರಲಿಲ್ಲ.

ಬರೆದೆ, ಮಾನ್ಯರೇ, ಬರೆದೆ. ಮಾನ್ವಿಯಿಂದ ಬರುವಾಗ ಕಲ್ಲೂರಿನ ಬಳಿ ಒಂದು ಎಮ್ಮೆ ರಸ್ತೆಯ ನಡುವೆ ನಿಂತು ನಮ್ಮನ್ನು ನೋಡಿದ್ದನ್ನು ಬರೆದೆ. ಅದು ಏಕೆ ನಿಂತಿತು ಎಂಬ ಅಂಕಣದಲ್ಲಿ ‘ತಿಳಿದುಬಂದಿಲ್ಲ’ ಎಂದು ಬರೆದೆ. ಅದನ್ನು ಬರೆಯುವಷ್ಟು ಹೊತ್ತು ಎಂಜಿನ್ ಚಾಲೂ ಇದ್ದದ್ದನ್ನು ಬರೆದೆ. ಇಷ್ಟೆಲ್ಲ ಬರೆಯಲು ಹಿಡಿದ ಹೊತ್ತನ್ನೂ ಬರೆಯಬೇಕೋ ಎಂದು ತಮಗೊಂದು ಪತ್ರ ಬರೆದೆ. ಆ ಪತ್ರ ಬರೆಯಲು ನಿಂತದ್ದನ್ನು ಲಾಗ್‌ಬುಕ್ಕಿನಲ್ಲಿ ಬರೆದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಇವತ್ತು ಇಂಥ ಪತ್ರ ಬರೆಯುವ ಕೈ ಬಂದಿದ್ದರೆ ಅದು ತಮ್ಮ ಸುತ್ತೋಲೆಯ ಪುಣ್ಯ. ನನ್ನ ಹೆಂಡತಿ ವೀರಭದ್ರಮ್ಮ ಹೇಳುವಂತೆ ಮನೆಯಲ್ಲಿಯೂ ಆಕೆ ‘ಊಟಕ್ಕ ಬರ್ರಿ’ ಎಂದರೆ ನಾನು ‘ಕಾರಣ?’ ಎಂದು ಕೇಳುವ ಸ್ಥಿತಿಗೆ ಬಂದಿದ್ದೆ.

ಮೊದಮೊದಲು ಹದಿನೈದು ದಿನಕ್ಕೊಂದು ಪುಸ್ತಕ ತುಂಬುತ್ತಿತ್ತು. ಆಮೇಲೆ ಹತ್ತು ದಿನಕ್ಕೊಂದು. ಮೊದಲು ಸೀಟಿನ ಕೆಳಗೆ ಇಟ್ಟೆ. ಆಮೇಲೆ ಒಂದು ತಗಡಿನ ಟ್ರಂಕು ಬಂತು, ಎರಡು ಬಂದವು, ಈ ವರ್ಷದ ಹೊತ್ತಿಗೆ ಜೀಪಿನ ಹಿಂಭಾಗದಲ್ಲಿ ಒಂಬತ್ತು ಟ್ರಂಕುಗಳೂ, ಯಾವ ಪುಸ್ತಕ ಯಾವ ಟ್ರಂಕಿನಲ್ಲಿದೆ ಎಂದು ತಿಳಿಸುವ ಪಟ್ಟಿಗಳ ಎರಡು ಟ್ರಂಕುಗಳು ಮೇಲಿನ ಕ್ಯಾರಿಯರಿನಲ್ಲೂ ಆದವು. ಕಂಪೌಂಡರನು ಜೀಪಿನಲ್ಲಿ ಬರುವುದನ್ನು ಬಿಟ್ಟು ಬಸ್ಸಿನಲ್ಲಿ ಬರತೊಡಗಿದ. ಔಷಧದ ಬಾಟಲಿಗಳನ್ನು ನಮ್ಮ ಡಾಕ್ಟರು ಜಂಬಣ್ಣನವರು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದರು. ಏರು ಬಂದರೆ ಜೀಪು ನರಳುತ್ತಿತ್ತು. ಆ ನರಳಾಟವನ್ನೂ ಬರೆಯುತ್ತಿದ್ದೆ. ಒಂದು ಪಶುವೈದ್ಯರ ಜೀಪು, ತಾನು ಪಶುಗಳ ಕಡೆಗೆ ಹೋದ ಕಥೆಯನ್ನು ಹೊತ್ತು ಹೊತ್ತು, ಪಶುಗಳಿಗೆ ಬೇಕಾದ ಏನನ್ನೂ ಹೊರಲಾರದ ಸ್ಥಿತಿಗೆ ಬಂದದ್ದು ತಮ್ಮ ಆಡಳಿತದ ಕೀರ್ತಿಗೆ ಕಿರೀಟವಿಟ್ಟಂತೆ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ.

ಹಾಗಾದರೆ ಎಂದಾದರೊಂದು ದಿನ ನಾಲ್ಕು ಹಳೆಯ ಪುಸ್ತಕಗಳನ್ನು ಆಫೀಸಿನ ಮೂಲೆಗೆ ಎಸೆಯಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. 1977ರಲ್ಲಿ ಕ್ಯಾಂಪಿನಲ್ಲಿ ಒಂದು ಆಡು ಲಾಗ್‌ಬುಕ್ಕಿನ ಒಂದು ಹಾಳೆಯನ್ನು ತಿಂದಿತು. ನಾನು ನಿಜವನ್ನೇ ಬರೆದು ತಿಳಿಸಿದೆ. ತಾವು ಆಡಿನ ಮಾಲೀಕನ ಹೇಳಿಕೆ, ಆಡು ಹಾಳೆ ತಿಂದದ್ದಕ್ಕೆ ವೈದ್ಯರ ಪ್ರಮಾಣಪತ್ರ ಎರಡನ್ನೂ ಕೇಳಿದಿರಿ. ಅವು ಬರುವವರೆಗೆ ನಲವತ್ತು ದಿನ ನನ್ನನ್ನು ಅಮಾನತಿನಲ್ಲಿಟ್ಟಿರಿ. ಓಣಿಯ ಜನ ‘ಗಡಿಗೆಪ್ಪ ಏನೋ ಕದ್ದಾನಂತ’ ಎಂದು ಮಾತಾಡಿಕೊಂಡರು. ಆ ನಲವತ್ತು ದಿನಗಳ ಭಯ ನನ್ನ ಮೈಯಿಂದ ಹೋಗಿರಲಿಲ್ಲ. ಇದನ್ನು ನಾನು ತಮ್ಮನ್ನು ದೂರಲು ಬರೆಯುತ್ತಿಲ್ಲ, ಮುಂದೆ ನಾನು ಮಾಡಿದ ತಪ್ಪಿಗೆ ಕಾರಣ ಕೇಳಿದರೆ ಇರಲಿ ಎಂದು ಬರೆಯುತ್ತಿದ್ದೇನೆ.

ತಮ್ಮ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇವುಗಳಿಗೆ ಜಾಗ ಕೇಳೋಣವೆಂದು ಎರಡು ಸಲ ಹೋಗಿದ್ದೆ. ಅಲ್ಲಿ ಇಪ್ಪತ್ತಾರು ವರ್ಷದಿಂದ ಧೂಳಿನೊಂದಿಗೆ ಸಂಸಾರ ಮಾಡಿದ ಸರ್ವರಿ ಬೇಗಂ ಎಂಬ ಗುಮಾಸ್ತೆ ಬಾಗಿಲಲ್ಲೇ ನಿಂತಿದ್ದರು, ಒಳಗೆ ನಿಲ್ಲಲು ಜಾಗವಿಲ್ಲದ್ದರಿಂದ. ‘ಗಡಿಗೆಪ್ಪ ಭಾಯಿ, ನಿಮ್ಮದೊಂದೇ ಅಲ್ರೀ, ಎಲ್ಲಾ ಜೀಪಿನವರೂ ಬಂದು ಕೇಳ್ಯಾರ. ಒಂದು ವರ್ಷದ್ದು ಇಟ್ಕೊಂಡು ಹಳೇದು ತೆಗೀರಿ ಅಂತ ಸಾಹೇಬ್ರು ಒಂದು ಕಾಗದ ಕೊಟ್ರ ಮುಗೀತು. ನಾ ಆವಾಗೇ ಬರ್ದು ಇಟ್ಟೀನಿ ಅವರ ಟೇಬಲ್ ಮ್ಯಾಲ. ಏನಾತೋ ಅಲ್ಲಾಗೇ ಗೊತ್ತು’ ಎಂದರು. ನಾನು ತಲೆಯಾಡಿಸಿ ಬಂದೆ. ಆ ಕಾಗದ ಬಂದೀತೆಂದು ಕಾದೆ.

ಈಗ ಜೂನ್ ಹದಿನೆಂಟಕ್ಕೆ ಬರುತ್ತೇನೆ.

ಆ ಬೆಳಿಗ್ಗೆ ಜಾಲಹಳ್ಳಿ ಕಡೆಯ ಮೊದಲ ಬಸ್ಸಿನಿಂದ ಭೀಮವ್ವ ಎಂಬ ಕುರಿಗಾರ ಹೆಂಗಸು ಇಳಿದು ನೇರ ನಮ್ಮ ಆಸ್ಪತ್ರೆಗೆ ಬಂದಳು. ಐವತ್ತೈದರ ಮೇಲಿನ ವಯಸ್ಸು, ಹೆಗಲ ಮೇಲೆ ಕಂಬಳಿ. ಅವಳದೂ ಅವಳ ಮೈದುನ ಮಾಳಿಂಗಪ್ಪನದೂ ಸೇರಿ ನೂರಾ ನಲವತ್ತು ಕುರಿ. ಮೊದಲ ಮಳೆಗೆ ಹೊಸ ಹುಲ್ಲು ಎದ್ದಿತ್ತು, ಹಸಿದಿದ್ದ ಕುರಿಗಳು ಹೊಟ್ಟೆ ಬಿರಿಯ ತಿಂದಿದ್ದವು. ‘ಯಪ್ಪಾ, ರಾತ್ರಿ ಚೆಂದಾಗಿದ್ದವು, ಮುಂಜಾನಿ ಎರಡು ಕಾಲು ಚಾಚಿ ಬಿದ್ದಾವ. ಬಾಯಾಗಿನ ಹುಲ್ಲು ಹಂಗೇ ಅದ’ ಎಂದಳು. ಡಾಕ್ಟರಿಗೆ ಕೂಡಲೇ ಗೊತ್ತಾಯಿತು, ಕರುಳು ಬೇನೆ. ಬೇನೆ ಬಂದ ಕುರಿಯನ್ನು ಉಳಿಸುವುದು ಕಷ್ಟ. ಬಾರದ ಕುರಿಗೆ ಲಸಿಕೆ ಹಾಕಿದರೆ ಹತ್ತು ದಿನದಲ್ಲಿ ಅದು ಮೈಗೆ ಹತ್ತಿ ಮಂದೆ ಉಳಿಯುತ್ತದೆ. ಹುಲ್ಲಿನಿಂದ ಮಂದೆಯನ್ನು ಹಿಂದಕ್ಕೆ ಹೊಡೆಯಿರೆಂದು ಮಾಳಿಂಗಪ್ಪನಿಗೆ ಬಸ್ಸಿನವರ ಕೈಯಲ್ಲಿ ಹೇಳಿಕಳಿಸಿ, ಲಸಿಕೆ ತರಲು ರಾಯಚೂರಿಗೆ ಹೊರಟೆವು. ಭೀಮವ್ವ ‘ನಾನೂ ಬರ್ತೀನಿ, ಕೈಯಾಗ ಇಸ್ಕೊಂಡ ಮ್ಯಾಲೇ ನನಗ ಸಮಾಧಾನ’ ಎಂದು ಹಟ ಹಿಡಿದು ಟ್ರಂಕುಗಳ ಮೇಲೆ ಮುದುಡಿ ಕೂತಳು. ತಲೆ ಜೀಪಿನ ಟಾಪಿಗೆ ತಾಗುತ್ತಿತ್ತು.

ರಾಯಚೂರಿನ ಉಗ್ರಾಣದವರು ಒಳ್ಳೆಯವರು. ಸಾವಿರದ ಇನ್ನೂರು ಕುರಿಗಾಗುವಷ್ಟು ಲಸಿಕೆಯನ್ನು, ಭತ್ತದ ಹೊಟ್ಟಿನ ನಡುವೆ ಮಂಜುಗಡ್ಡೆ ತುಂಬಿದ ಒಂದು ದೊಡ್ಡ ಕಟ್ಟಿಗೆ ಪೆಟ್ಟಿಗೆಯಲ್ಲಿಟ್ಟು ಹನ್ನೊಂದು ಗಂಟೆಗೆ ಅಂಗಳಕ್ಕೆ ತಂದಿಟ್ಟರು. ಪೆಟ್ಟಿಗೆ ಜೀಪಿನ ಹಿಂದೆ ಹಿಡಿಯಲಿಲ್ಲ. ಉದ್ದಕ್ಕೆ ಇಟ್ಟರೂ ಹಿಡಿಯಲಿಲ್ಲ, ಅಡ್ಡಕ್ಕೂ ಹಿಡಿಯಲಿಲ್ಲ. ಕ್ಯಾರಿಯರಿನಲ್ಲಿ ಪಟ್ಟಿಗಳು ಕೂತಿದ್ದವು. ಬಸ್ಸಿನ ಮೇಲೆ ಹಾಕೋಣವೆಂದರೆ ಇಲಾಖೆಯ ಲಸಿಕೆ ಇಲಾಖೆಯ ವಾಹನದಲ್ಲೇ ಸಾಗಬೇಕೆಂದು ಉಗ್ರಾಣದವರ ಪುಸ್ತಕ ಹೇಳುತ್ತಿತ್ತು.

‘ಗಡಿಗೆಪ್ಪ, ಆ ಟ್ರಂಕು ಇಲ್ಲೇ ಇಳಿಸಿಬಿಡು’ ಎಂದರು ಡಾಕ್ಟರು.

ನನಗೆ ಆಡು ನೆನಪಾಯಿತು, ಮಾನ್ಯರೇ. ನಲವತ್ತು ದಿನ ನೆನಪಾದವು. ‘ಒಂದ್ ನಿಮಿಷ ಸಾರ್, ಸಾಹೇಬ್ರ ಕಡಿಂದ ಒಂದು ಸಾಲು ಬರಿಸ್ಕೊಂಡು ಬರ್ತೀನಿ’ ಎಂದು ತಮ್ಮ ಕಚೇರಿಗೆ ಓಡಿಬಂದೆ. ಡಾಕ್ಟರು ಬೇಡವೆನ್ನಲಿಲ್ಲ, ನನ್ನ ಅನ್ನಕ್ಕೆ ಕೈ ಹಾಕಲು ಅವರಿಗೂ ಮನಸ್ಸಾಗಲಿಲ್ಲ. ತಾವು ಮೀಟಿಂಗಿನಲ್ಲಿದ್ದಿರಿ. ಆಮೇಲೆ ಊಟಕ್ಕೆ ಎದ್ದಿರಿ. ಆಮೇಲೆ, ಸೆಕೆಯ ದಿನವಾದ್ದರಿಂದ, ಊಟದ ನಂತರದ ಒಂದು ಗಂಟೆ ಇತ್ತು. ಮೂರು ಗಂಟೆಗೆ ತಮ್ಮ ದರ್ಶನವಾದಾಗ, ಯಾವ ಯಾವ ನಂಬರಿನ ಪುಸ್ತಕಗಳನ್ನು ಇಳಿಸಬೇಕೆಂದು ಪಟ್ಟಿ ಕೊಡು ಎಂದಿರಿ. ಮುನ್ನೂರಾ ಹನ್ನೊಂದು ನಂಬರುಗಳನ್ನು ವರಾಂಡದಲ್ಲಿ ಕೂತು ಬರೆದೆ. ನಾಲ್ಕೂವರೆಗೆ ಅದನ್ನು ನೋಡಿ, ಅಕ್ಷರ ಚೆನ್ನಾಗಿದೆಯೆಂದು ಮೆಚ್ಚಿ, ‘ನಾಳೆ ಫೈಲು ಮಾಡಿ ಇಡಲು ಹೇಳು, ನೋಡೋಣ’ ಎಂದಿರಿ. ಆ ಮೆಚ್ಚುಗೆಯನ್ನು ನಾನು ಇಂದಿಗೂ ಮರೆತಿಲ್ಲ.

ಅಂಗಳಕ್ಕೆ ವಾಪಸು ಬಂದಾಗ ಪೆಟ್ಟಿಗೆಯ ಸುತ್ತ ನೆಲ ಒದ್ದೆಯಾಗಿತ್ತು. ಡಾಕ್ಟರು ಮೂರು ಸಲ ನೆರಳಿಗೆ ಸರಿಸಿದ್ದರಂತೆ, ಗೋಣಿಚೀಲ ನೆನೆಸಿ ಹೊದಿಸಿದ್ದರಂತೆ. ಉಗ್ರಾಣದ ಮಂಜುಗಡ್ಡೆಯೂ ಮುಗಿದಿತ್ತು. ಅವರು ಮುಚ್ಚಳ ತೆಗೆದು ಒಂದು ಸೀಸೆಯನ್ನು ಕೈಯಲ್ಲಿ ಹಿಡಿದು ನೋಡಿದರು. ಅದು ಬೆಚ್ಚಗಿತ್ತು. ಮುಚ್ಚಳ ಹಾಕಿ ಅದರ ಮೇಲೇ ಕೂತರು.

‘ಯಾಕ್ರೀ ಸಾಹೇಬ್ರ, ಹೊಂಡಂಗಿಲ್ಲೇನು?’ ಎಂದಳು ಭೀಮವ್ವ.

ಡಾಕ್ಟರು ಪೆಟ್ಟಿಗೆಯ ಕೆಳಗೆ ಬೆರಳು ತೋರಿಸಿದರು. ಅವಳು ನೆಲದ ಒದ್ದೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ‘ನೀರಾತು’ ಎಂದಳು. ಅಷ್ಟೇ ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಅಂದಿನ ಲಾಗ್‌ಬುಕ್ಕು ತಮ್ಮ ಬಳಿಯೇ ಇದೆ, ದಯವಿಟ್ಟು ತೆರೆದು ನೋಡಬೇಕು: ಹೋದದ್ದು ಮತ್ತು ಬಂದದ್ದು ನೂರಾ ಹದಿನಾರು ಕಿಲೋಮೀಟರ್, ಮೀಟರಿಗೂ ನನ್ನ ಲೆಕ್ಕಕ್ಕೂ ಒಂದಿಷ್ಟೂ ವ್ಯತ್ಯಾಸವಿಲ್ಲ, ತಂದದ್ದು ಏನೂ ಇಲ್ಲ. ಇಷ್ಟು ನಿರ್ದೋಷವಾದ ಪುಟವನ್ನು ಇಲಾಖೆಯಲ್ಲಿ ಇನ್ನಾರೂ ಬರೆದಿರಲಾರರು.

ಹೊಸ ಲಸಿಕೆ ಬೆಂಗಳೂರಿನಿಂದ ಬರಲು ಒಂಬತ್ತು ದಿನ ಬೇಕಾಯಿತು. ಅಷ್ಟು ದಿನ ಜಾಲಹಳ್ಳಿ ಬಸ್ಸಿನ ಕಂಡಕ್ಟರು ದಿನಾ ಬೆಳಿಗ್ಗೆ ಆಸ್ಪತ್ರೆಯ ಮುಂದೆ ಕೂಗಿ ಹೇಳಿಹೋಗುತ್ತಿದ್ದ: ‘ಭೀಮವ್ವಂದು ನಾಕು’, ಮರುದಿನ ‘ಆರು’. ಐದನೆಯ ದಿನ ನಾವಿಬ್ಬರೂ ಹೋದೆವು. ಊರ ಹೊರಗಿನ ದಾರಿಯಲ್ಲಿ ಒಂದು ಕುರಿ ಅಡ್ಡ ಬಿದ್ದಿತ್ತು. ನಾನು ಜೀಪು ನಿಲ್ಲಿಸಿ, ರೂಢಿಯಂತೆ ಪುಸ್ತಕ ತೆಗೆದು, ‘ದಾರಿಯಲ್ಲಿ ಕಂಡ ಅಡಚಣೆ’ ಎಂಬ ಅಂಕಣದಲ್ಲಿ ‘ಸತ್ತ ಕುರಿ ಒಂದು’ ಎಂದು ಬರೆಯತೊಡಗಿದೆ. ತಲೆ ಎತ್ತಿದರೆ ಭೀಮವ್ವ ಆ ಕುರಿಯ ಕಾಲು ಹಿಡಿದು ಎಳೆಯುತ್ತ ನನ್ನನ್ನೇ ನೋಡುತ್ತಿದ್ದಳು.

‘ಬರಿ ತಮ್ಮಾ, ಬರಿ. ನೀ ಬರದು ಮುಗಿಸೋತನಕ ಅದು ಎದ್ದು ಹೋಗಂಗಿಲ್ಲ’ ಎಂದಳು.

ನಾನು ಪೆನ್ನು ಮುಚ್ಚಿದೆ. ಇಳಿದು ಇನ್ನೊಂದು ಕಾಲು ಹಿಡಿದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ಒಂದು ನಿಲುಗಡೆ ದಾಖಲಾಗದೆ ಉಳಿಯಿತು. ಅದಕ್ಕೆ ಕಾರಣ ಕೇಳಿ ತಾವು ಪ್ರತ್ಯೇಕ ನೋಟೀಸು ಕೊಡಬೇಕಾಗಿ ವಿನಂತಿ.

ಜೂನ್ ಇಪ್ಪತ್ತೇಳರಂದು ಲಸಿಕೆ ಬಂದಿದೆಯೆಂದು ತಿಳಿದ ಕೂಡಲೇ ರಾಯಚೂರಿಗೆ ಹೊರಟು, ಉಗ್ರಾಣಕ್ಕೆ ಹೋಗುವ ಮೊದಲು ಜೀಪನ್ನು ತಮ್ಮ ಕಚೇರಿಯ ಮುಂದೆ ನಿಲ್ಲಿಸಿದೆ. ಬೆಳಿಗ್ಗೆ ಎಂಟೂವರೆ, ಜವಾನನೂ ಬಂದಿರಲಿಲ್ಲ. ಡಾಕ್ಟರು ಧೋತ್ರ ಮೇಲೆ ಕಟ್ಟಿದರು, ನಾನು ಅಂಗಿ ಬಿಚ್ಚಿದೆ. ಹನ್ನೊಂದೂ ಟ್ರಂಕುಗಳನ್ನು ತಮ್ಮ ಕೋಣೆಯ ಬಾಗಿಲ ಮುಂದೆ ನಂಬರಿನ ಪ್ರಕಾರ ಜೋಡಿಸಿದೆವು. ಪರಿಶೀಲನೆಗೆ ತಾವು ಬರಲಾಗದಿದ್ದರೆ ಪರಿಶೀಲನೆಯೇ ತಮ್ಮಲ್ಲಿಗೆ ಬರಲಿ ಎಂಬ ಭಕ್ತಿಯಿಂದಲೇ ಹೊರತು ಬೇರೆ ಉದ್ದೇಶವಿರಲಿಲ್ಲ. ಬಾಗಿಲು ಹೊರಗಡೆಗೆ ತೆರೆಯುವಂಥದ್ದೆಂದು ನಾವು ಗಮನಿಸಲಿಲ್ಲ. ತಾವು ಎರಡು ದಿನ ಗುಮಾಸ್ತರ ನಡುವೆ ಸ್ಟೂಲಿನ ಮೇಲೆ ಕೂತು ಕೆಲಸ ಮಾಡಬೇಕಾಯಿತೆಂದು ಕೇಳಿ ದುಃಖವಾಯಿತು. ಅಷ್ಟರಲ್ಲಿ ಬಂದ ಸರ್ವರಿ ಬೇಗಂ ಒಂದು ಚೀಟಿಯಲ್ಲಿ ‘ಹನ್ನೊಂದು ಟ್ರಂಕು ಮುಟ್ಟಿದವು’ ಎಂದು ಬರೆದು ಸಹಿ ಮಾಡಿ ಕೊಟ್ಟು, ‘ಮೊದ್ಲ ಹೋಗ್ರಿ, ಮಾತು ಆಮ್ಯಾಲ’ ಎಂದು ನಮ್ಮನ್ನು ಓಡಿಸಿದರು.

ಉಗ್ರಾಣದಿಂದ ಲಸಿಕೆಯ ಪೆಟ್ಟಿಗೆಯನ್ನಷ್ಟೇ ಹೊತ್ತ ಜೀಪು ಓಡಿದ ರೀತಿಯನ್ನು ತಾವು ನೋಡಬೇಕಿತ್ತು. ಗಬ್ಬೂರು ಯಾವಾಗ ಬಂತು, ಯಾವಾಗ ಹೋಯಿತು ತಿಳಿಯಲಿಲ್ಲ. ಎರಡು ಗಂಟೆಯೊಳಗೆ ಭೀಮವ್ವನ ಹಟ್ಟಿಯಲ್ಲಿದ್ದೆವು. ಪೆಟ್ಟಿಗೆಯಲ್ಲಿ ಮಂಜುಗಡ್ಡೆ ಇನ್ನೂ ಕಲ್ಲಿನಂತಿತ್ತು. ಸುತ್ತಲಿನ ಐದು ಮಂದೆಗಳು ಸೇರಿದ್ದವು. ಆದರೆ ಸೂಜಿಗಳನ್ನು ಕುದಿಯುವ ನೀರಿನಲ್ಲಿ ಹಾಕಿ ತೆಗೆಯದೆ ಚುಚ್ಚುವಂತಿಲ್ಲ. ಸ್ಟೋವಿನಲ್ಲಿ ಸೀಮೆಎಣ್ಣೆ ಇರಲಿಲ್ಲ, ಮುಂಜಾನೆಯ ಮಳೆಗೆ ಪುಳ್ಳಿಯೆಲ್ಲ ತೊಯ್ದು ಹೊಗೆಯನ್ನಷ್ಟೇ ಕೊಡುತ್ತಿತ್ತು. ಏನಾದರೂ ಒಣಗಿದ್ದು ಸಿಕ್ಕೀತೇ ಎಂದು ಡ್ರೈವರ್ ಸೀಟಿನ ಕೆಳಗೆ ಕೈ ಹಾಕಿದರೆ, ಟ್ರಂಕು ಬರುವ ಮೊದಲಿನ ದಿನಗಳಲ್ಲಿ ಅಲ್ಲಿ ಸಿಕ್ಕಿಕೊಂಡಿದ್ದ ಒಂದು ಪುಸ್ತಕ ಕೈಗೆ ಬಂತು. ಎಂಟು ವರ್ಷ ಎಂಜಿನ್ನಿನ ಶಾಖಕ್ಕೆ ಒಣಗಿ ಹಪ್ಪಳವಾಗಿತ್ತು. ಮೇಲೆ ಹದಿನೇಳು ಎಂದು ಬರೆದಿತ್ತು.

ಈಗ ತಮ್ಮ ಪ್ರಶ್ನೆಗೆ ಉತ್ತರ. ಹದಿನೇಳನೇ ಲಾಗ್‌ಬುಕ್ಕನ್ನು ನಾನು, ಗಡಿಗೆಪ್ಪ, ಪ್ರಜ್ಞೆಯಲ್ಲಿದ್ದುಕೊಂಡೇ, ಒಂದೊಂದೇ ಹಾಳೆ ಹರಿದು ಒಲೆಗೆ ಹಾಕಿದೆ. ಏಪ್ರಿಲ್ ಹದಿನಾರನೇ ತಾರೀಖಿಗೆ ನೀರು ಬಿಸಿಯಾಯಿತು, ಇಪ್ಪತ್ತೆರಡಕ್ಕೆ ಕುದಿಯಿತು. ಇಪ್ಪತ್ತಮೂರು, ಇಪ್ಪತ್ನಾಲ್ಕನ್ನು ಎರಡನೇ ಸಲದ ಸೂಜಿಗಳಿಗೆಂದು ಇಟ್ಟುಕೊಂಡೆ. ರಟ್ಟು ಬಹಳ ಹೊತ್ತು ಉರಿಯಿತು. ಕುರಿ ಹಿಡಿದು ನಿಂತಿದ್ದ ಭೀಮವ್ವ ‘ಅದರಾಗ ಏನ್ ಬರದಿತ್ತು ತಮ್ಮಾ?’ ಎಂದು ಕೇಳಿದಳು.

‘ಕಲ್ಲೂರ ಹತ್ರ ಒಂದು ಎಮ್ಮಿ ದಾರಿ ಬಿಡಲಿಲ್ಲಂತ ಬರದಿತ್ತು ಯವ್ವಾ.’

‘ಆಮ್ಯಾಲ ಬಿಡ್ತೇನು?’

‘ಬಿಡ್ತು.’

‘ಮತ್ತ ಯಾಕ ಇಟ್ಕೊಂಡಿದ್ದಿ ಇಷ್ಟು ವರ್ಷ?’ ಎಂದು ಅವಳು ಮುಂದಿನ ಕುರಿಯ ಕಿವಿಗೆ ಕೈ ಹಾಕಿದಳು. ನಾನು ಎರಡನೇ ಸಲದ ಸೂಜಿಗಳನ್ನು ನೀರಿಗೆ ಹಾಕಿದೆ. ಅವಳ ಪ್ರಶ್ನೆಗೆ ಉತ್ತರ ತಮ್ಮ ಬಳಿ ಇದ್ದರೆ ತಿಳಿಸಬೇಕು, ಅವಳಿಗೆ ಮುಟ್ಟಿಸುತ್ತೇನೆ.

ಆ ದಿನ ಸಂಜೆಯೊಳಗೆ ಸಾವಿರದ ನೂರಕ್ಕಿಂತ ಹೆಚ್ಚು ಕುರಿಗಳಿಗೆ ಲಸಿಕೆಯಾಯಿತು. ಅದು ಮೈಗೆ ಹತ್ತುವ ದಿನಗಳಲ್ಲಿ ಇನ್ನೂ ಮೂರು ಹೋದವು. ಆಮೇಲೆ ಸಾವು ನಿಂತಿತು. ಭೀಮವ್ವನ ನೂರಾ ನಲವತ್ತರಲ್ಲಿ ಉಳಿದದ್ದು ತೊಂಬತ್ತೊಂಬತ್ತು. ಹೋದ ನಲವತ್ತೊಂದರಲ್ಲಿ ಹದಿನೆಂಟು ಗಬ್ಬದ ಕುರಿಗಳು.

ಇಲ್ಲಿಗೆ ನನ್ನ ತಪ್ಪೊಪ್ಪಿಗೆ ಮುಗಿಯುತ್ತಿತ್ತು, ತಾವು ನನ್ನನ್ನು ತೆಗೆಯಬಹುದಿತ್ತು, ನಾನು ಮಾನ್ವಿಯ ಯಾವುದಾದರೂ ರೈಸ್‌ಮಿಲ್ಲಿನ ಲಾರಿ ಹಿಡಿದು ಹೋಗುತ್ತಿದ್ದೆ. ಆದರೆ ಜುಲೈ ಕೊನೆಯಲ್ಲಿ ನೋಟೀಸಿಗೆ ಉತ್ತರ ಹೇಗೆ ಬರೆಯಲೆಂದು ಕೇಳಲು ರಾಯಚೂರಿಗೆ ಹೋದಾಗ ಸರ್ವರಿ ಬೇಗಂ ನನ್ನನ್ನು ರೆಕಾರ್ಡ್ ರೂಮಿನ ಬಾಗಿಲಿಗೆ ಕರೆದರು. ನಮ್ಮ ಹನ್ನೊಂದು ಟ್ರಂಕುಗಳಿಗೆ ಜಾಗ ಮಾಡಲು ಆಕೆ ಕೊನೆಗೂ ಒಂದು ಕಪಾಟು ಖಾಲಿ ಮಾಡಿದ್ದರು. ಅದರ ಹಿಂದೆ ಬಿದ್ದಿದ್ದ ಒಂದು ಕಟ್ಟನ್ನು ನನ್ನ ಕೈಗಿಟ್ಟು, ‘ಕೂತು ಓದ್ರಿ’ ಎಂದರು. ನಿಂತೇ ಓದಿದೆ, ಆಮೇಲೆ ಕೂತೆ.

ಅದು 1981ರ ನವೆಂಬರ್ ಮೂರನೇ ತಾರೀಖಿನ ಆದೇಶ. ಒಂದು ವರ್ಷಕ್ಕಿಂತ ಹಳೆಯ ಲಾಗ್‌ಬುಕ್ಕುಗಳನ್ನು ವಾಹನದಿಂದ ತೆಗೆದಿಡಬಹುದು, ಮೂರು ವರ್ಷಕ್ಕಿಂತ ಹಳೆಯವನ್ನು ನಾಶಪಡಿಸಬಹುದು. ಕೆಳಗೆ ಹಸಿರು ಶಾಯಿಯಲ್ಲಿ ತಮ್ಮ ಸಹಿ, ಬಾಲ ಸುತ್ತಿಕೊಂಡ ಅದೇ ಸುಂದರ ಸಹಿ. ಸರ್ವರಿ ಬೇಗಂ ಬರೆದು ತಮ್ಮ ಮೇಜಿನ ಮೇಲಿಟ್ಟಿದ್ದ ಕಾಗದವೇ ಅದು. ತಾವು ನಲವತ್ತು ಕಾಗದಗಳ ನಡುವೆ ಅದಕ್ಕೂ ಸಹಿ ಹಾಕಿದ್ದಿರಿ. ಅದನ್ನು ಟಪಾಲಿಗೆ ಹಾಕಬೇಕಾದರೆ ರವಾನೆ ಪುಸ್ತಕದಲ್ಲಿ ಬರೆಯಬೇಕಿತ್ತು. ರವಾನೆ ಪುಸ್ತಕ ತುಂಬಿತ್ತು. ಹೊಸದು ಬರುವವರೆಗೆ ಇರಲಿ ಎಂದು ಯಾರೋ ಕಟ್ಟಿ ಕಪಾಟಿನ ಮೇಲಿಟ್ಟರು. ಅದು ಹಿಂದಕ್ಕೆ ಜಾರಿತು. ಅಂದರೆ ಜೂನ್ ಹದಿನೆಂಟರಂದು ನಾನು ತಮ್ಮ ವರಾಂಡದಲ್ಲಿ ಮುನ್ನೂರಾ ಹನ್ನೊಂದು ನಂಬರು ಬರೆಯುತ್ತ ಬೇಡಿದ ಅನುಮತಿ, ನನ್ನಿಂದ ಮೂವತ್ತು ಹೆಜ್ಜೆ ದೂರದಲ್ಲಿ, ಎರಡೂವರೆ ವರ್ಷದಿಂದ, ತಮ್ಮದೇ ಸಹಿಯೊಂದಿಗೆ ಬಿದ್ದಿತ್ತು. ಕೊಟ್ಟ ಅನುಮತಿ ತಮಗೂ ತಿಳಿದಿರಲಿಲ್ಲ, ಏಕೆಂದರೆ ತಾವು ಅದನ್ನು ಓದಿರಲಿಲ್ಲ.

ದೇವದುರ್ಗಕ್ಕೆ ಬಂದು, ಸರ್ವರಿ ಬೇಗಂ ಮಾಡಿಕೊಟ್ಟ ನಕಲನ್ನು ಡಾಕ್ಟರಿಗೆ ಕೊಟ್ಟೆ. ಅವರು ಎರಡು ಸಲ ಓದಿದರು, ಕನ್ನಡಕ ತೆಗೆದರು. ‘ಇದನ್ನ ಭೀಮವ್ವಗ ಹೇಳಬೇಕಾಗ್ತದ ಗಡಿಗೆಪ್ಪ. ನಾ ಹೇಳಲೋ, ನೀ ಹೇಳ್ತೀಯೋ?’ ಎಂದರು. ಅಂದು ಓಡಿಹೋಗಿ ಅನುಮತಿ ಬೇಡಿದವನು ನಾನು. ನಾನೇ ಹೇಳುತ್ತೇನೆಂದೆ.

ಆದೇಶದ ನಕಲನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಅದರ ಪ್ರಕಾರ ನಾನು ಒಲೆಗೆ ಹಾಕಿದ್ದು ತಮ್ಮ ಅಪ್ಪಣೆಯನ್ನು ಪಾಲಿಸಿದಂತೆಯೇ ಆಗುತ್ತದೆ. ತಡವಾಗಿ ಪಾಲಿಸಿದ್ದಕ್ಕೆ ಬೇಕಾದರೆ ಶಿಕ್ಷಿಸಬಹುದು. ಮೇಲಿನ ಸಾಹೇಬರು ಈ ಆದೇಶ ನೋಡಿ ನನ್ನ ನೋಟೀಸನ್ನು ರದ್ದು ಮಾಡಲು ಹೇಳಿದರೆಂದು, ಕಳೆದ ವಾರವಷ್ಟೇ ನಿವೃತ್ತರಾಗಿ ಈ ಪತ್ರದಲ್ಲಿ ತನ್ನ ಹೆಸರು ಬರೆಯಲು ಸಂತೋಷದಿಂದ ಒಪ್ಪಿದ ಸರ್ವರಿ ಬೇಗಂ ಅವರಿಂದ ತಿಳಿಯಿತು. ತಮ್ಮ ಕಡೆಯಿಂದ ಇನ್ನೂ ತಿಳಿದಿಲ್ಲ. ಅವಸರವಿಲ್ಲ, ರವಾನೆ ಪುಸ್ತಕ ಬಂದ ಮೇಲೆ ಕಳಿಸಬಹುದು.

ಕೊನೆಯದಾಗಿ ಸಣ್ಣ ಬಿನ್ನಹಗಳಿವೆ. ಇನ್ನು ಮುಂದೆ ಕರುಳು ಬೇನೆಯು ಫೈಲು ಮಂಜೂರಾಗುವವರೆಗೆ ಮಂದೆಯ ಹೊರಗೆ ಕಾದು ನಿಲ್ಲುವಂತೆ ತಾವು ಒಂದು ಸುತ್ತೋಲೆ ಹೊರಡಿಸಬೇಕು. ಮಂಜುಗಡ್ಡೆಯು ಕಚೇರಿಯ ವೇಳೆಯಲ್ಲಿ, ಅದರಲ್ಲೂ ಊಟದ ನಂತರ, ಕರಗತಕ್ಕದ್ದಲ್ಲವೆಂದು ತಾಕೀತು ಮಾಡಬೇಕು. ನಲವತ್ತೊಂದು ಕುರಿಗಳು ಮೊದಲೇ ಅನುಮತಿ ಪಡೆಯದೆ ಸತ್ತದ್ದಕ್ಕೆ ಅವುಗಳಿಂದ ಸಮಜಾಯಿಷಿ ಕೇಳಬೇಕೆನಿಸಿದರೆ ನೋಟೀಸುಗಳನ್ನು ನನ್ನ ಕೈಯಲ್ಲೇ ಕೊಡಬಹುದು, ಹೂತ ಜಾಗ ನನಗೆ ಗೊತ್ತು.

ಈಗ ದಿನಕ್ಕೆ ಮೂರೇ ಸಾಲು ಬರೆಯುತ್ತಿರುವ,
ತಮ್ಮ ವಿಶ್ವಾಸಿ,
ಗಡಿಗೆಪ್ಪ, ಡ್ರೈವರ್

ತಾ.ಕ.: ಭೀಮವ್ವನಿಗೆ ಆದೇಶದ ವಿಷಯ ಹೇಳಿದೆ. ಕುರಿಗಳನ್ನು ಹಟ್ಟಿಗೆ ಕೂಡಿ ಬಂದಳು. ಆಮೇಲೆ ಆಡಿದ ಮಾತನ್ನು, ಒಂದಕ್ಷರ ಕೂಡಿಸದೆ ಕಳೆಯದೆ, ತಮ್ಮಿಂದಲೇ ಕಲಿತ ಶ್ರದ್ಧೆಯಿಂದ ಇಲ್ಲಿ ದಾಖಲಿಸುತ್ತಿದ್ದೇನೆ: ‘ನನಗೂ ಓದಾಕ ಬರಂಗಿಲ್ಲ ತಮ್ಮಾ. ಅದಕ್ಕೇ ನಾ ಹೆಬ್ಬೆಟ್ಟು ಒತ್ತೋಕಿಂತ ಮೊದ್ಲ ನಾಕು ಮಂದೀನ್ನ ಕೇಳ್ತೀನಿ. ನಿಮ್ಮ ಸಾಹೇಬ್ರಿಗೆ ಹಂಗ ಕೇಳಾಕ ಯಾರೂ ಇಲ್ಲೇನು?’